ಕೈಗಳ ಮೇಲೆ ಬಿದ್ದ ಬೆಳಕು

ಆಕೆಗೆ ಊರಿನವರು ಇಟ್ಟ ಹೆಸರು ಲೈಟಕ್ಕ. ಸೋದರಮಾವನ ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ನಿಂತ ಕಾಲದಲ್ಲಿ ಅಂಟಿಕೊಂಡ ಹೆಸರು ಅದು, ಆಮೇಲೆ ಬಿಡಲಿಲ್ಲ. ಗುರುತಿನ ಚೀಟಿಗೆ ಫೋಟೊ ತೆಗೆಸಲು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಆಕೆ ಅವರ ಮುಖ ನೋಡುವ ಮೊದಲು ಮುಖದ ಮೇಲಿನ ಬೆಳಕನ್ನು ನೋಡುತ್ತಿದ್ದಳು. “ಗಲ್ಲ ಸ್ವಲ್ಪ ಎತ್ತಿ, ಕಣ್ಣಿನ ಕೆಳಗೆ ಕತ್ತಲೆ ಕೂತಿದೆ” ಎಂದು ಲೈಟಿನ ಸ್ಟ್ಯಾಂಡನ್ನು ಗೇಣಷ್ಟು ಆಚೆ, ಗೇಣಷ್ಟು ಈಚೆ ಸರಿಸುತ್ತಿದ್ದಳು. ಬಾಗಿಲಲ್ಲಿ ಕಾಯುತ್ತಿದ್ದವರು ಗೊಣಗಿದರೆ, ಮಾವ ಮೇಜಿನ ಹಿಂದಿನಿಂದ ಸಮಾಧಾನ ಹೇಳುತ್ತಿದ್ದ: “ತಡ್ಕೊಳ್ಳಿ ಸ್ವಾಮಿ, ಇವಳ ಕೈಗೆ ಸಿಕ್ಕಿದ್ರೆ ಜೇಬುಗಳ್ಳನೂ ಜಡ್ಜ್ ಥರ ಕಾಣ್ತಾನೆ.”

ಮಾವ ತೀರಿಹೋದ. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂತು. ಸ್ಟೂಲಿನ ಮೇಲೆ ಕೂರಲು ಜನ ಬರುವುದು ನಿಂತಿತು. ಲೈಟಕ್ಕ ಧೃತಿಗೆಡಲಿಲ್ಲ, ವಿಡಿಯೊಗೆ ಇಳಿದಳು. ಸಂಗೀತ ಕಲಿಸುವವರು, ಕಾಯಿಲೆಗಳ ಬಗ್ಗೆ ಮಾತಾಡುವ ಡಾಕ್ಟರು, ಹೊಲಿಗೆ ಹೇಳಿಕೊಡುವ ಹೆಂಗಸರು ಆಕೆಯನ್ನು ಕರೆಯತೊಡಗಿದರು. ಯಾರ ಮನೆಗೆ ಹೋದರೂ ಆಕೆ ಮೊದಲು ಮಾಡುತ್ತಿದ್ದ ಕೆಲಸ ಒಂದೇ: ಕಿಟಕಿ ಮುಚ್ಚಿ, ದೀಪವನ್ನೆಲ್ಲ ಆರಿಸಿ, ಕತ್ತಲೆಯಲ್ಲಿ ಸುಮ್ಮನೆ ನಿಲ್ಲುವುದು. ಆಮೇಲೆ ಒಂದೊಂದೇ ದೀಪ ಹಚ್ಚಿ, ಯಾವುದು ಎಲ್ಲಿ ಬೀಳುತ್ತದೆ, ಯಾವುದು ಸುಮ್ಮನೆ ಗೋಡೆಯನ್ನು ಬೆಳಗಿಸಿ ದಂಡವಾಗುತ್ತಿದೆ ಎಂದು ನೋಡುವುದು. ಮನೆಯವರು ಇದೆಂಥ ಹುಚ್ಚು ಎಂದುಕೊಂಡರೂ, ವಿಡಿಯೊ ನೋಡಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಆಕೆಯ ಹೆಮ್ಮೆ ಇದ್ದದ್ದು ಒಂದು ವಿದ್ಯೆಯಲ್ಲಿ. ಬೆಳಕನ್ನು ಒಂದೇ ಪಕ್ಕದಿಂದ ಬಿಟ್ಟು ಮುಖದ ಅರ್ಧವನ್ನು ಬೆಳಗಿಸಿ, ಉಳಿದರ್ಧ ಮೆಲ್ಲಗೆ ನೆರಳಿಗೆ ಕರಗುವಂತೆ ಮಾಡುವುದು. ಅದರಲ್ಲಿ ಆಕೆ ಎತ್ತಿದ ಕೈ. ಸಾಧಾರಣ ಮುಖವೂ ಆಗ ಏನೋ ದೊಡ್ಡದನ್ನು ಯೋಚಿಸುತ್ತಿರುವಂತೆ ಕಾಣುತ್ತಿತ್ತು.

ಹೀಗಿರುವಾಗ ಕಿವಿ ಕೇಳದ ಮಕ್ಕಳ ಶಾಲೆಯಿಂದ ಕರೆ ಬಂತು. ಆ ಶಾಲೆಯ ಮೊದಲ ಮಕ್ಕಳಲ್ಲಿ ಒಬ್ಬಳಾಗಿ ಸೇರಿ, ಅಲ್ಲೇ ಟೀಚರಾಗಿ, ನಿವೃತ್ತಿಯಾದವರೊಬ್ಬರಿದ್ದರು. ಎಲ್ಲರೂ ಅವರನ್ನು ದೊಡ್ಡ ಟೀಚರ್ ಎನ್ನುತ್ತಿದ್ದರು. ಶಾಲೆ ಶುರುವಾದಾಗ ಬಂದ ಮಕ್ಕಳು ಒಬ್ಬೊಬ್ಬರೂ ಒಂದೊಂದು ಮನೆಯ ಸನ್ನೆ ತಂದಿದ್ದರು. ಅವೆಲ್ಲ ಬೆರೆತು, ಜಗಳವಾಡಿ, ರಾಜಿಯಾಗಿ ಒಂದು ಕೈಮಾತು ಹುಟ್ಟಿತ್ತು. ಈಗಿನ ಮಕ್ಕಳು ಪುಸ್ತಕದ, ಫೋನಿನ ಸನ್ನೆಗಳನ್ನು ಕಲಿಯುತ್ತಾರೆ. ಆ ಹಳೆಯ ಕೈಮಾತು ಪೂರ್ತಿಯಾಗಿ ಉಳಿದಿರುವುದು ದೊಡ್ಡ ಟೀಚರ ಕೈಗಳಲ್ಲಿ. ಅವರ ಕಥೆಗಳನ್ನು ವಿಡಿಯೊ ಮಾಡಿಡಬೇಕು ಎಂದು ಶಾಲೆಯವರು ನಿರ್ಧರಿಸಿದ್ದರು.

“ಯಾರೋ ಕೂತು ಕೈಯಾಡಿಸ್ತಾರೆ, ಅದಕ್ಕೇನಂತೆ,” ಎಂದು ಲೈಟಕ್ಕ ಗಂಡನಿಗೆ ಹೇಳಿ ಹೊರಟಳು. “ಮೈಕಿನ ತಾಪತ್ರಯ ಕೂಡ ಇಲ್ಲ.”

ಬಡಗಿಯಾದ ಗಂಡ ಕೀಸುಳಿ ಹಿಡಿದವನು ತಲೆ ಎತ್ತಲಿಲ್ಲ. “ಹಂಗಂದ್ರೆ ಮಧ್ಯಾಹ್ನ ಊಟಕ್ಕೆ ಬರ್ತೀಯಾ ಅನ್ನು,” ಎಂದ.

ಊಟಕ್ಕೆ ಬರುವುದಿರಲಿ, ಊಟ ಮಾಡಿದ್ದೇ ಆಕೆಗೆ ಆ ದಿನ ನೆನಪಿರಲಿಲ್ಲ.

ದೊಡ್ಡ ಟೀಚರ ಮನೆಯ ಮುಂದಿನ ಕೋಣೆಯಲ್ಲೇ ಚಿತ್ರೀಕರಣ. ಹಿಂದೆ ಸುಣ್ಣದ ಗೋಡೆ, ಎಡಗಡೆ ದೊಡ್ಡ ಕಿಟಕಿ, ನೆತ್ತಿಯ ಮೇಲೆ ಟ್ಯೂಬ್‌ಲೈಟು. ಸಣಕಲು ಮೈಯ, ಕಪ್ಪು ಬಣ್ಣದ, ಚುರುಕು ಕಣ್ಣಿನ ಮುದುಕಿ. ಕುರ್ಚಿಯಲ್ಲಿ ಕೂತ ರೀತಿಯಲ್ಲೇ ಕ್ಲಾಸು ಇನ್ನೂ ಮುಗಿದಿಲ್ಲ ಎಂಬಂತಿತ್ತು. ಪಕ್ಕದಲ್ಲಿ ಅವರ ಮಗಳು. ಆಕೆಗೆ ಕಿವಿ ಕೇಳುತ್ತದೆ. ತಾಯಿಯ ಕೈಮಾತನ್ನು ಬಾಯಿಮಾತಿಗೆ ಇಳಿಸುವುದು, ಬೇರೆಯವರ ಬಾಯಿಮಾತನ್ನು ತಾಯಿಗೆ ಕೈಯಲ್ಲಿ ಹೇಳುವುದು ಆಕೆಗೆ ಮಗುವಾಗಿದ್ದಾಗಿನಿಂದ ರೂಢಿ.

ಲೈಟಕ್ಕ ತನ್ನ ಹೆಮ್ಮೆಯ ವಿದ್ಯೆಯನ್ನೇ ಹೂಡಿದಳು. ಕಿಟಕಿಯ ಬೆಳಕನ್ನು ಒಂದು ಪಕ್ಕ ಬಿಟ್ಟುಕೊಂಡು, ಇನ್ನೊಂದು ಪಕ್ಕ ನೆರಳಿಗೆ ಬಿಟ್ಟಳು. ಕ್ಯಾಮೆರಾವನ್ನು ಹತ್ತಿರ ಎಳೆದು ಮುಖಕ್ಕೆ ಹಿಡಿದಳು. ದೊಡ್ಡ ಟೀಚರ್ ಒಂದು ಸಣ್ಣ ಕಥೆ ಹೇಳಿದರು. ಕ್ಯಾಮೆರಾದ ಪರದೆಯ ಮೇಲೆ ಅದನ್ನು ನೋಡಿದ ಮಗಳು, “ಎಷ್ಟು ಚೆನ್ನಾಗಿದೆ ಅಕ್ಕ, ಯಾರೋ ಚಿತ್ರ ಬರೆದ ಹಾಗಿದೆ,” ಎಂದಳು. ಲೈಟಕ್ಕ ಒಳಗೊಳಗೇ ಹಿಗ್ಗಿದಳು.

ದೊಡ್ಡ ಟೀಚರ್ ಮಾತ್ರ ಕನ್ನಡಕ ಏರಿಸಿಕೊಂಡು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೊನೆಯವರೆಗೂ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ ಕೈಯಾಡಿಸಿದರು. ಮಗಳು ಹೇಳಲೋ ಬೇಡವೋ ಎಂದು ತಡವರಿಸಿದಳು.

“ಏನಂತೆ? ಹೇಳಮ್ಮ, ಪರವಾಗಿಲ್ಲ,” ಎಂದಳು ಲೈಟಕ್ಕ.

“ಅಮ್ಮ ಕೇಳ್ತಿದಾರೆ… ನಾನು ಮಾತಾಡುವಾಗ ಇವಳು ಯಾಕೆ ನನ್ನ ಬಾಯಿ ಮುಚ್ಚಿದಳು ಅಂತ.”

ಲೈಟಕ್ಕನಿಗೆ ಅರ್ಥವಾಗಲಿಲ್ಲ. ದೊಡ್ಡ ಟೀಚರ್ ಎದ್ದು ಬಂದು ವಿಡಿಯೊವನ್ನು ಹಿಂದಕ್ಕೆ ಓಡಿಸಲು ಹೇಳಿದರು. ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತ ಹೋದರು. ಇಲ್ಲಿ ಬಲಗೈ ನೆರಳಿಗೆ ಹೋಗಿದೆ, ಅಲ್ಲಿಗೆ ಅರ್ಧ ಮಾತು ಹೋಯಿತು. ಇಲ್ಲಿ ಕೈ ಚೌಕಟ್ಟಿನಿಂದಾಚೆ ಹೋಗಿದೆ, ನಡುವಿನ ಒಂದು ಪದವೇ ಇಲ್ಲ. ಇಲ್ಲಿ ಹುಬ್ಬು ಎತ್ತಿದ್ದೇನೆ, ಅಂದರೆ ಇದು ಪ್ರಶ್ನೆ. ಕಣ್ಣು ಕತ್ತಲಲ್ಲಿದೆ, ಹಾಗಾಗಿ ಹೌದು ಎಂದು ಹೇಳಿದ ಹಾಗಿದೆ. ಇಲ್ಲಿ ಬೆರಳುಗಳು ಮಸಿ ಮೆತ್ತಿದಂತೆ ಒಂದಕ್ಕೊಂದು ಕಲೆತುಹೋಗಿವೆ. ಇದು ಮಾತಲ್ಲ, ತೊದಲು.

ಮಗಳು ಇದನ್ನೆಲ್ಲ ಮೆಲುದನಿಯಲ್ಲಿ ಹೇಳಿ ಮುಗಿಸಿದಳು. ಲೈಟಕ್ಕ ಆ ಚಿತ್ರವನ್ನು ಮತ್ತೆ ನೋಡಿದಳು. ಈಗ ಅಲ್ಲಿ ಚಂದ ಕಾಣಲಿಲ್ಲ. ಯಾರೋ ಮಾತಾಡುತ್ತಿರುವವರ ಬಾಯಿಗೆ ತಾನು ಬಟ್ಟೆ ತುರುಕಿದಂತೆ ಕಂಡಿತು. ಇಷ್ಟು ವರ್ಷ ಬೆಳಕೆಂದರೆ ಮುಖಕ್ಕೆ ಹಚ್ಚುವ ಬಣ್ಣ ಎಂದುಕೊಂಡಿದ್ದವಳು ಆಕೆ. ಇವರಿಗೆ ಬೆಳಕೆಂದರೆ ಗಾಳಿ. ಗಾಳಿಯಿಲ್ಲದೆ ಸದ್ದು ಹೇಗೆ ಕಿವಿ ಮುಟ್ಟುವುದಿಲ್ಲವೋ, ಬೆಳಕಿಲ್ಲದೆ ಇವರ ಮಾತು ಇನ್ನೊಬ್ಬರನ್ನು ಮುಟ್ಟುವುದಿಲ್ಲ. 

“ನಾಳೆ ಬರ್ತೀನಿ ಟೀಚರ್,” ಎಂದಳು. “ಇವತ್ತಿನದ್ದು ಲೆಕ್ಕಕ್ಕಿಲ್ಲ.”

ಮರುದಿನ ಹೋದವಳು ಮೊದಲಿಗೆ ಕ್ಯಾಮೆರಾ ತೆಗೆಯಲೇ ಇಲ್ಲ. ದೊಡ್ಡ ಟೀಚರ ಎದುರು ಕೂತು ಅವರ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿದಳು. ನೆತ್ತಿಯ ಮೇಲೆ ಒಂದು ಗೇಣು, ಸೊಂಟದ ಕೆಳಗೆ ಒಂದಿಷ್ಟು, ಎರಡೂ ಪಕ್ಕಕ್ಕೆ ಮೊಣಕೈ ಚಾಚುವಷ್ಟು. ಅಷ್ಟೂ ಜಾಗ ಅವರ ಬಾಯಿ. ಕ್ಯಾಮೆರಾವನ್ನು ಎದುರಿನ ಗೋಡೆಯವರೆಗೆ ಒಯ್ದು, ಅಲ್ಲಿಂದ ಜೂಮ್ ಮಾಡಿ ಚಿತ್ರವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಹತ್ತಿರದಲ್ಲಿಟ್ಟಾಗ ಮುಂದೆ ಚಾಚಿದ ಅಂಗೈ ಮೊರದಷ್ಟಗಲ ಕಾಣುತ್ತಿತ್ತು. ದೂರದಿಂದ ಅದು ಕೈಯಷ್ಟೇ ಆಯಿತು. ಕ್ಯಾಮೆರಾದ ಎತ್ತರವನ್ನು ಎದೆಯ ಮಟ್ಟಕ್ಕೆ ತಂದಳು, ಕೈಗಳು ಹೆಚ್ಚಾಗಿ ಆಡುವ ಎತ್ತರಕ್ಕೆ.

ಬಟ್ಟೆಯದೂ ಒಂದು ಕಥೆ. ದೊಡ್ಡ ಟೀಚರ್ ವಿಡಿಯೊಗೆಂದು ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ಹಿಂದೆ ಬಿಳಿಗೋಡೆ, ಮೈಮೇಲೆ ಬಿಳಿ ಅಂಗಿ, ನಡುವೆ ಕಪ್ಪು ಕೈ. ಕ್ಯಾಮೆರಾ ಬಿಳಿಯನ್ನು ನೋಡಿ ಬೆಳಕು ಜಾಸ್ತಿಯಾಯಿತೆಂದು ತಗ್ಗಿಸುತ್ತಿತ್ತು, ಕೈ ಇದ್ದಿಲಾಗುತ್ತಿತ್ತು. ಕೈ ಮುಂದೆ ಬಂದರೆ ಕತ್ತಲಾಯಿತೆಂದು ಏರಿಸುತ್ತಿತ್ತು, ಅಂಗಿ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯುತ್ತಿತ್ತು. ಚಿತ್ರ ಉಬ್ಬಸ ಬಂದವರಂತೆ ಉಸಿರಾಡುತ್ತಿತ್ತು.

“ಟೀಚರಿಗೆ ಹೇಳಮ್ಮ, ಅಂಗಿ ಬದಲಾಯಿಸ್ಬೇಕು ಅಂತ. ತಿಳಿನೀಲಿಯೋ ತಿಳಿಹಸಿರೋ, ಮಾಸಲು ಬಣ್ಣದ್ದು ಇದ್ರೆ ಒಳ್ಳೇದು. ಹೂವು, ಗೆರೆ ಏನೂ ಇರಬಾರದು.”

ಮಗಳು ಹೇಳಿದಳು. ದೊಡ್ಡ ಟೀಚರ್ ಮುಖ ಸಿಂಡರಿಸಿಕೊಂಡು ಏನೋ ಹೇಳಿದರು.

“ಮಾಸಲು ಬಣ್ಣ ಹಾಕ್ಕೊಂಡು ಸಿನಿಮಾದಲ್ಲಿ ಕಾಣಿಸ್ಕೊಳ್ಳೋಕೆ ನಾನೇನು ವಿಲನ್ನಿನ ಅಮ್ಮನಾ ಅಂತಿದಾರೆ,” ಎಂದು ಮಗಳು ನಕ್ಕಳು. ಆದರೂ ದೊಡ್ಡ ಟೀಚರ್ ಒಳಗೆ ಹೋಗಿ ಹಳೆಯದೊಂದು ತಿಳಿನೀಲಿ ಅಂಗಿ ಹಾಕಿಕೊಂಡು ಬಂದರು. ಲೈಟಕ್ಕ ಗೋಡೆಗೂ ಬೂದುಬಣ್ಣದ ಬಟ್ಟೆ ಇಳಿಬಿಟ್ಟು, ಕುರ್ಚಿಯನ್ನು ಗೋಡೆಯಿಂದ ಮುಂದಕ್ಕೆ ಎಳೆದಳು. ಕ್ಯಾಮೆರಾ ತಾನೇ ಬೆಳಕು ಅಳೆಯುವ ಏರ್ಪಾಟನ್ನು ಆಫ್ ಮಾಡಿ, ಕೈಯ ಬಣ್ಣ ಸರಿಯಾಗಿ ಕಾಣುವಲ್ಲಿಗೆ ನಿಲ್ಲಿಸಿದಳು. ಈಗ ಗೋಡೆ ಏನಾದರೂ ಆಗಲಿ, ಅಂಗಿ ಏನಾದರೂ ಆಗಲಿ, ಕೈ ಕೈಯಾಗಿಯೇ ಇರುತ್ತದೆ.

ಬೆರಳು ಕಲೆತುಹೋಗುವುದು ಮಾತ್ರ ಬಗೆಹರಿಯಲಿಲ್ಲ. ಶಟರಿನ ವೇಗ ಏರಿಸಿದರೆ ಬೆರಳು ಬಿಡಿಬಿಡಿಯಾಗಿ ಕಾಣುತ್ತಿತ್ತು. ಆದರೆ ಟ್ಯೂಬ್‌ಲೈಟಿನ ಮಿಣುಕು ಪರದೆಯ ಮೇಲೆ ಪಟ್ಟೆಪಟ್ಟೆಯಾಗಿ ಹರಿಯುತ್ತಿತ್ತು. ಟ್ಯೂಬ್‌ಲೈಟು ಆರಿಸಿದಳು. ಕಿಟಕಿಯ ಬೆಳಕೋ ಮೋಡ ಬಂದಂತೆ ಬಣ್ಣ ಬದಲಿಸುತ್ತಿತ್ತು. ದಪ್ಪ ಬಟ್ಟೆ ಹೊದಿಸಿ ಅದನ್ನೂ ಮುಚ್ಚಿದಳು. ಉಳಿದದ್ದು ತಾನು ತಂದ ಎರಡು ಲೈಟು. ಅವನ್ನು ನೇರವಾಗಿ ಬಿಟ್ಟರೆ ಎತ್ತಿದ ಕೈಯ ನೆರಳು ಮುಖದ ಮೇಲೆ ಕಾಗೆ ಕೂತ ಹಾಗೆ ಬೀಳುತ್ತಿತ್ತು.

ಸಂಜೆ ಮನೆಗೆ ಹೋದವಳು ಗಂಡನ ಮುಂದೆ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಕೂತಳು. “ಈ ನೆರಳು ಹೋಗ್ಬೇಕು ಕಣ್ರೀ. ಬೆಳಕು ಒಂದು ತೂತಿನಿಂದ ಬರಬಾರದು, ಇಡೀ ಬಾಗಿಲಿನಿಂದ ಬರಬೇಕು. ಆಗ ನೆರಳು ಕರಗುತ್ತೆ.”

“ಬಾಗಿಲು ತಾನೇ? ಮಾಡಿಕೊಡೋಣ,” ಎಂದ ಗಂಡ.

ತಮಾಷೆ ಎಂದುಕೊಂಡರೆ, ಬೆಳಗ್ಗೆ ನೋಡುವಾಗ ನಿಜವಾಗಿಯೂ ಬಾಗಿಲಿನಷ್ಟೇ ಎತ್ತರದ ಎರಡು ಮರದ ಚೌಕಟ್ಟು ಗೋಡೆಗೆ ಒರಗಿದ್ದವು. ಒಂದೊಂದಕ್ಕೂ ತೆಳು ಬಿಳಿಬಟ್ಟೆ ಬಿಗಿದು ಮೊಳೆ ಹೊಡೆದಿದ್ದ. ಹೊಸ ಹಾಸಿಗೆಯ ಹೊದಿಕೆ ಎಲ್ಲಿ ಹೋಯಿತು ಎಂದು ಆಕೆ ಕೇಳಲಿಲ್ಲ.

ಚೌಕಟ್ಟುಗಳನ್ನು ದೊಡ್ಡ ಟೀಚರ ಎಡಕ್ಕೊಂದು ಬಲಕ್ಕೊಂದು, ಕಣ್ಣಿಗಿಂತ ತುಸು ಎತ್ತರದಿಂದ ಬೆಳಕು ಇಳಿಯುವಂತೆ ಓರೆಯಾಗಿ ನಿಲ್ಲಿಸಿ, ಹಿಂದಿನಿಂದ ಲೈಟು ಬಿಟ್ಟಳು. ಬೆಳಕು ಬಟ್ಟೆಯಲ್ಲಿ ಸೋಸಿ ಇಳಿಯಿತು. ಒಂದು ಕಡೆ ತುಸು ಹೆಚ್ಚು, ಇನ್ನೊಂದು ಕಡೆ ತುಸು ಕಮ್ಮಿ. ಬೆರಳು ದುಂಡಗೆ ಕಾಣಲು ಅಷ್ಟು ವ್ಯತ್ಯಾಸ ಬೇಕಿತ್ತು. ಶಾಲೆಯಿಂದ ತರಿಸಿದ ಥರ್ಮೊಕೋಲ್ ಹಾಳೆಯೊಂದನ್ನು ಕಾಲ ಬಳಿ ಮಲಗಿಸಿದಳು. ಅದರಿಂದ ಪುಟಿದ ಬೆಳಕಿಗೆ ಗಲ್ಲದ ಕೆಳಗಿನ ಕತ್ತಲೆಯೂ ಹೋಯಿತು.

“ಈಗ ಹೇಳಿ ಟೀಚರ್,” ಎಂದಳು.

ದೊಡ್ಡ ಟೀಚರ್ ಶುರುಮಾಡಿದರು. ತಾನು ಏಳು ವರ್ಷದವಳಿದ್ದಾಗ ಅಪ್ಪ ಬಸ್ಸಿನಲ್ಲಿ ಕರೆತಂದು ಶಾಲೆಗೆ ಬಿಟ್ಟ ದಿನದ ಕಥೆ. ಮಗಳು ಕ್ಯಾಮೆರಾದ ಪಕ್ಕ ಕೂತು ಮೆಲ್ಲಗೆ ಬಾಯಿಮಾತಿಗೆ ಇಳಿಸುತ್ತಿದ್ದಳು. ಲೈಟಕ್ಕ ಪರದೆಯಲ್ಲಿ ಕಣ್ಣಿಟ್ಟಿದ್ದಳು, ಎಲ್ಲಾದರೂ ಬೆಳಕು ಹೆಚ್ಚಾಗಿ ಬೆರಳು ಬಿಳಿಚುತ್ತಿದೆಯೇ, ನೆರಳು ಬೀಳುತ್ತಿದೆಯೇ ಎಂದು. ಸ್ವಲ್ಪ ಹೊತ್ತಿಗೆ ಬೆಳಕು ನೋಡುವುದನ್ನು ಮರೆತಳು. ಆ ಎರಡು ಕೈಗಳಲ್ಲಿ ಬಸ್ಸು ಕುಲುಕುತ್ತ ಏರು ಹತ್ತಿತು. ಒಂದು ಅಂಗೈ ಅಪ್ಪನ ಭುಜವಾಯಿತು, ಇನ್ನೊಂದು ಅದಕ್ಕೆ ಒರಗಿ ನಿದ್ದೆಹೋದ ಮಗುವಿನ ತಲೆಯಾಯಿತು. ಬಸ್ಸು ತಿರುಗಿದಾಗ ತಲೆ ಜಾರಿತು, ಭುಜ ಮೆಲ್ಲಗೆ ಸರಿದು ತಲೆಯನ್ನು ಮತ್ತೆ ಎತ್ತಿಕೊಂಡಿತು. ಮಗಳ ಬಾಯಿಮಾತು ಹಿಂದೆ ಬೀಳುತ್ತಿತ್ತು. ಅದಕ್ಕೆ ಮೊದಲೇ ಲೈಟಕ್ಕನಿಗೆ ಎಲ್ಲವೂ ತಿಳಿಯುತ್ತಿತ್ತು. 

ಶಾಲೆಯ ಗೇಟು ಬಂತು. ಅಪ್ಪ ಹೊರಗೇ ಉಳಿದ. ಅಂಗಳದಲ್ಲಿ ಅವಳಿಗಿಂತ ದೊಡ್ಡ ಹುಡುಗಿಯೊಬ್ಬಳು ಬಂದು ಕೈ ಹಿಡಿದಳು. ಒಬ್ಬನನ್ನು ತೋರಿಸಿ ಹುಬ್ಬಿನ ಮೇಲೆ ಗೀರಿದಳು, ಅವನ ಹುಬ್ಬಿನಲ್ಲಿ ಗಾಯದ ಗುರುತಿತ್ತು. ಇನ್ನೊಬ್ಬಳನ್ನು ತೋರಿಸಿ ಜಡೆ ಎಳೆದ ಹಾಗೆ ಮಾಡಿದಳು.

“ಅವರವರ ಹೆಸರು,” ಎಂದು ಮಗಳು ಪಿಸುಗುಟ್ಟಿದಳು. “ಅಮ್ಮನಿಗೆ ಅಲ್ಲೀವರೆಗೂ ಜನಕ್ಕೆ ಹೆಸರು ಅಂತ ಇರುತ್ತೆ ಅನ್ನೋದೇ ಗೊತ್ತಿರಲಿಲ್ಲವಂತೆ. ಅಪ್ಪನಿಗೂ ಹೆಸರಿದೆ, ತನಗೂ ಇರಬೇಕು ಅಂತ ಗೊತ್ತಿರಲಿಲ್ಲವಂತೆ.” ಆಕೆಯ ದನಿ ಸಣ್ಣಗಾಯಿತು. “ಇದನ್ನ ನನಗೆ ಯಾವತ್ತೂ ಹೇಳಿಲ್ಲ.”

ಪರದೆಯ ಮೇಲೆ ದೊಡ್ಡ ಹುಡುಗಿ ಎಲ್ಲರ ಹೆಸರು ಹೇಳಿ ಮುಗಿಸಿ, ಹೊಸಬಳ ಕಡೆ ತಿರುಗಿ, ತಲೆ ಓರೆಮಾಡಿ, ಇವಳಿಗೆ ಏನಿಡಲಿ ಎಂದು ದಿಟ್ಟಿಸಿದಳು. ಕೈ ಮೇಲಕ್ಕೆದ್ದಿತು.

ಕರೆಂಟು ಹೋಯಿತು.

ಕಿಟಕಿಗೆ ದಪ್ಪ ಬಟ್ಟೆ, ಬಾಗಿಲು ಮುಚ್ಚಿದೆ. ಹಾಡಹಗಲಲ್ಲಿ ಕೋಣೆ ಗವಿಯಂತಾಯಿತು. ಬ್ಯಾಟರಿಯ ಕ್ಯಾಮೆರಾ ಒಂದೇ ಕೆಂಪು ಚುಕ್ಕೆಯಾಗಿ ಉಳಿಯಿತು. ಲೈಟಕ್ಕ, “ಏನು ಹೇಳಿದ್ರು?” ಎಂದಳು.

“ನನಗೂ ಕಾಣ್ಲಿಲ್ಲ ಅಕ್ಕ,” ಎಂದಳು ಮಗಳು ಕತ್ತಲಿನಿಂದ. ಅಷ್ಟು ಮಾತು ಬಲ್ಲವಳು, ದೀಪ ಹೋದದ್ದೇ ತಾನೂ ಕಿವುಡಾಗಿದ್ದಳು.

ಕಿಟಕಿಯ ಬಟ್ಟೆ ಸರಿಸಲು ಲೈಟಕ್ಕ ತಡಕಾಡುತ್ತ ಮುಂದೆ ಹೋದಳು. ಒಂದು ಒಣಕಲು ಕೈ ಆಕೆಯ ಮಣಿಕಟ್ಟನ್ನು ಹಿಡಿದು ನಿಲ್ಲಿಸಿತು. ದೊಡ್ಡ ಟೀಚರಿಗೆ ಮಾತು ಅರ್ಧಕ್ಕೆ ನಿಲ್ಲುವುದು ಒಪ್ಪಿಗೆಯಿರಲಿಲ್ಲ. ಅವರು ಲೈಟಕ್ಕನ ತೋರುಬೆರಳನ್ನು ಬಿಡಿಸಿ, ತಮ್ಮ ಮುಖದ ಹತ್ತಿರ ಒಯ್ದು, ಕೆನ್ನೆಯ ಮೇಲಿಟ್ಟುಕೊಂಡರು. ಆಮೇಲೆ ನಕ್ಕರು. ಬೆರಳಿನ ತುದಿ ಮೆತ್ತಗೆ ಒಳಕ್ಕಿಳಿಯಿತು. ಸುಕ್ಕುಗಳ ನಡುವೆ ಒಂದು ಗುಳಿ.

ಗುಳಿಕೆನ್ನೆ. ಅದೇ ಹೆಸರು.

ಎಷ್ಟು ಮುಖಗಳನ್ನು ಬೆಳಗಿಸಿದ್ದಳು ಲೈಟಕ್ಕ. ಒಂದು ಮುಖ ಹೀಗೆ ಕತ್ತಲೆಯಲ್ಲಿ ತನ್ನ ಬೆರಳಿಗೆ ಸಿಕ್ಕಿ, ಇದು ನಾನು ಎಂದು ಹೇಳಿದ್ದು ಇದೇ ಮೊದಲು. ಏಳು ವರ್ಷದ ಹುಡುಗಿ ತನಗೊಂದು ಹೆಸರಿದೆ ಎಂದು ತಿಳಿದು ಅಂಗಳದಲ್ಲಿ ನಿಂತಿದ್ದಾಳೆ, ತಾನು ಆಕೆಯ ಕೆನ್ನೆ ಮುಟ್ಟುತ್ತಿದ್ದೇನೆ ಎನಿಸಿತು. ಬೆರಳು ತೆಗೆಯದೆ ಹಾಗೇ ನಿಂತಳು.

ಕೊನೆಗೆ ಮಗಳೇ ಎದ್ದು ಕಿಟಕಿಯ ಬಟ್ಟೆ ಎಳೆದಳು. ಬೆಳಕು ನುಗ್ಗಿತು. ತಾಯಿಯ ಕೆನ್ನೆಯ ಮೇಲೆ ಲೈಟಕ್ಕನ ಬೆರಳು ಇರುವುದನ್ನು ನೋಡಿ ಆಕೆಗೂ ತಿಳಿಯಿತು. ದೊಡ್ಡ ಟೀಚರ್ ಕಥೆಯ ಉಳಿದ ಭಾಗವನ್ನು ಹಗಲು ಬೆಳಕಿನಲ್ಲೇ ಹೇಳಿ ಮುಗಿಸಿದರು. ಹುಡುಗಿ ಕೆನ್ನೆ ಮುಟ್ಟಿಕೊಳ್ಳುತ್ತ ಅಂಗಳವೆಲ್ಲ ಓಡಿದಳಂತೆ. ಅವಳು ಅಳುತ್ತಾಳೇನೋ ಎಂದು ಗೇಟಿನ ಹಿಂದೆ ಅವಿತು ನೋಡುತ್ತಿದ್ದ ಅಪ್ಪ, ಅವಳು ಅಳದೇ ಇದ್ದದ್ದನ್ನು ಕಂಡು ತಾನು ಅತ್ತನಂತೆ.

ಕರೆಂಟು ಬಂದ ಮೇಲೆ ಲೈಟಕ್ಕ ಸಂಕೋಚದಿಂದ, “ಟೀಚರಿಗೆ ಕೇಳಮ್ಮ, ಇನ್ನೊಂದ್ಸಲ ಮೊದಲಿಂದ ಹೇಳೋಕಾಗುತ್ತಾ? ಅದೇ ಭಾವ ಮತ್ತೆ ಬರುತ್ತೋ ಇಲ್ವೋ,” ಎಂದಳು.

ದೊಡ್ಡ ಟೀಚರ ಕೈಗಳು ಚಟಪಟನೆ ಆಡಿದವು.

“ಒಂದೇ ಪಾಠವನ್ನ ಪ್ರತಿ ವರ್ಷ ಹೊಸದರ ಹಾಗೆ ಹೇಳಿದವಳು ನಾನು, ನನಗೆ ಭಾವ ಕಲಿಸ್ತಾಳಾ ಅಂತಿದಾರೆ,” ಎಂದು ಮಗಳು ಕಣ್ಣೊರೆಸಿಕೊಂಡು ನಕ್ಕಳು. “ಮೊದಲು ಅವಳ ಲೈಟು ಸರಿಮಾಡ್ಕೊಳ್ಳೋಕೆ ಹೇಳು ಅಂತಲೂ ಅಂತಿದಾರೆ.”

ಎರಡನೆಯ ಸಲ ಹೇಳಿದ್ದು ಇನ್ನೂ ಚೆನ್ನಾಗಿ ಬಂತು.

ಕಥೆಗಳೆಲ್ಲ ಮುಗಿದ ಮೇಲೆ ಶಾಲೆಯ ಹಾಲ್‌ನಲ್ಲಿ ವಿಡಿಯೊವನ್ನು ಮಕ್ಕಳಿಗೆ ತೋರಿಸಿದರು. ಲೈಟಕ್ಕ ಗಂಡನನ್ನೂ ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ನಿಂತಳು. ಮಕ್ಕಳು ನೆಲದ ಮೇಲೆ ಕೂತಿದ್ದರು. ದೀಪವನ್ನು ಪೂರ್ತಿ ಆರಿಸಿದರೆ ಮಾತಾಡಿಕೊಳ್ಳುವುದು ಹೇಗೆ ಎಂದು ಅವರು ಪಕ್ಕದ ಒಂದು ಸಾಲು ದೀಪ ಉಳಿಸಿಕೊಂಡಿದ್ದರು. ಸಿನಿಮಾ ತೋರಿಸುವ ಎಲ್ಲ ಜಾಗಗಳಲ್ಲೂ ದೀಪ ಆರಿಸುವುದನ್ನೇ ನೋಡಿದ್ದ ಲೈಟಕ್ಕನಿಗೆ ಅದೊಂದು ಹೊಸ ತಿಳಿವಳಿಕೆ.

ಪರದೆ ತುಂಬ ದೊಡ್ಡ ಟೀಚರು. ಒಂದೊಂದು ಬೆರಳೂ ಬಿಡಿಬಿಡಿಯಾಗಿ, ಉಗುರಿನ ಗೆರೆ ಕೂಡ ಕಾಣುವಂತೆ. ಹಾಲ್‌ನಲ್ಲಿ ಸದ್ದೇ ಇಲ್ಲ, ಆದರೆ ಗದ್ದಲವೋ ಗದ್ದಲ. ಹಳೆಯ ಸನ್ನೆ ಕಂಡ ಕಡೆಯೆಲ್ಲ ಮಕ್ಕಳ ಕೈಗಳು ಎದ್ದು, ಅದನ್ನು ತಾವೂ ಆಡಿ, ಪಕ್ಕದವರಿಗೆ ತೋರಿಸಿ, ತಪ್ಪಿದರೆ ತಿದ್ದಿಕೊಳ್ಳುತ್ತಿದ್ದವು. ಬಸ್ಸು ಏರು ಹತ್ತಿತು, ಹಾಲ್‌ನ ತುಂಬ ಬಸ್ಸುಗಳು ಏರು ಹತ್ತಿದವು. ಒಬ್ಬರ ಕೈಯಲ್ಲಿ ಮಾತ್ರ ಉಳಿದಿದ್ದ ಮಾತು ಕಣ್ಣೆದುರೇ ನೂರಾರು ಕೈಗೆ ದಾಟುತ್ತಿತ್ತು. ಲೈಟಕ್ಕ ರೆಪ್ಪೆ ಬಡಿಯದೆ ನೋಡಿದಳು. ಬೆಳಕು ಇಷ್ಟೆಲ್ಲ ಮಾಡುತ್ತದೆಂದು ಅದನ್ನೇ ಹಿಡಿದು ಬದುಕಿದ ಆಕೆಗೂ ಗೊತ್ತಿರಲಿಲ್ಲ.

ಗಂಡ ಬಗ್ಗಿ ಆಕೆಯ ಕಿವಿಯಲ್ಲಿ, “ಏನೇ, ಅಳ್ತಿದೀಯಾ?” ಎಂದ.

“ಸುಮ್ನಿರಿ,” ಎಂದಳು ಲೈಟಕ್ಕ. “ಅವರು ಮಾತಾಡ್ತಿದಾರೆ.”